ಟೊಸ್ಕಾನೀನಿ ಉಪನ್ಯಾಸಮಾಲೆ: ಕೇಳಿದವರಿಗೂ ಕೆಣಕಿದವರಿಗೂ ವಂದನೆ

ಇಟಲಿಯ ಒಪೆರಾ (ಹಾಡಿನಲ್ಲೇ ನಡೆಯುವ ಸಂಗೀತ ನಾಟಕ) ವಾದ್ಯವೃಂದ ನಿರ್ದೇಶಕ ಆರ್ತೂರೊ ಟೊಸ್ಕಾನೀನಿಯವರ ಬದುಕನ್ನು ಕುರಿತು ನಾನು ನಡೆಸಿಕೊಂಡು ಬಂದ ಉಪನ್ಯಾಸಮಾಲೆ ಕಳೆದ ಭಾನುವಾರ ಮುಕ್ತಾಯಗೊಂಡಿತು. ಪಾಶ್ಚಾತ್ಯ ಸಂಗೀತದ ಬಳಕೆ ಅಷ್ಟಾಗಿ ಇಲ್ಲದ ನಮ್ಮ ಊರಿನಲ್ಲಿ ಕೊನೆಯವರೆಗೂ ಬಂದು ಕುಳಿತವರೆಲ್ಲರಿಗೂ, ಬಾಡಿಗೆ ಕೇಳದೆ ಸಭಾಂಗಣ ಬಿಟ್ಟುಕೊಟ್ಟ ಗ್ರಂಥಾಲಯದ ಹಿರಿಯರಿಗೂ ನನ್ನ ಹೃತ್ಪೂರ್ವಕ ವಂದನೆಗಳು.

ಎಲ್ಲರಿಗಿಂತ ಮೊದಲು ನಮ್ಮ ಪಿಟೀಲು ಮೇಷ್ಟರನ್ನು ನೆನೆಯಬೇಕು. ಪಾರ್ಮಾದ ದರ್ಜಿಯೊಬ್ಬರ ಮಗನಾಗಿ 1867ರಲ್ಲಿ ಹುಟ್ಟಿ, ಪ್ರವಾಸಿ ಒಪೆರಾ ತಂಡವೊಂದರ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕನಾಗಿ 1886ರಲ್ಲಿ ರಿಯೊ ಡಿ ಜನೈರೊಗೆ ಹೋಗಿದ್ದ ಹತ್ತೊಂಬತ್ತರ ಹುಡುಗ ಟೊಸ್ಕಾನೀನಿ, ಪ್ರೇಕ್ಷಕರ ಗಲಾಟೆಯ ನಡುವೆ ನಿರ್ದೇಶಕನ ಕೋಲು ಹಿಡಿದು ಇಟಲಿಯ ಸಂಗೀತ ರಚನಕಾರ ವರ್ದಿಯವರ 'ಐದಾ' ಒಪೆರಾವನ್ನು ಸ್ವರಲಿಪಿ ನೋಡದೆ ನಡೆಸಿದನೆಂದು ಹೇಳಿ ನಾನು ಮುಂದೆ ಹೋಗುವವನಿದ್ದೆ. ಮೇಷ್ಟರು ತಡೆದರು. ಗಾಯಕರಿಗೊಂದು, ಮೇಳಕ್ಕೊಂದು, ಪ್ರತಿ ವಾದ್ಯಕ್ಕೊಂದು ಸಾಲು ಇರುವಾಗ ಅಷ್ಟನ್ನೂ ಕಂಠಸ್ಥವಾಗಿಸಿಕೊಳ್ಳುವುದು ಎಂಥ ಕೆಲಸವೆಂದು ಪಿಟೀಲು ಹಿಡಿದೇ ತೋರಿಸಿದರು. ಟೊಸ್ಕಾನೀನಿಯವರ ದೃಷ್ಟಿ ತೀರ ಮಂದವಾಗಿದ್ದುದರಿಂದ ನೆನಪೇ ಅವರಿಗೆ ಆಸರೆಯಾಗಿತ್ತು.

ಒಪೆರಾದ ನಡುವೆ ಹಾಡನ್ನು ಮತ್ತೆ ಹಾಡಿಸುವ ರೂಢಿಯನ್ನು ಅವರು ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ನಿಲ್ಲಿಸಹೊರಟದ್ದು, 1903ರಲ್ಲಿ ಅದೇ ಕಾರಣಕ್ಕೆ ಗದ್ದಲವೆದ್ದಾಗ ಪ್ರದರ್ಶನ ಮುಗಿಯುವ ಮೊದಲೇ ಹೊರನಡೆದದ್ದು ಸಭೆಯಲ್ಲಿ ಜಗಳವನ್ನೇ ಹುಟ್ಟಿಸಿತು. 'ಒನ್ಸ್ ಮೋರ್' ಕೂಗಿದಾಗಲೆಲ್ಲ ರಂಗಗೀತೆಯನ್ನು ಮತ್ತೆ ಹಾಡುತ್ತಿದ್ದ ಕಂಪನಿ ನಾಟಕಗಳನ್ನು ನೋಡಿ ಬೆಳೆದ ಹಿರಿಯರು, ಕೇಳುಗರ ಸಂತೋಷಕ್ಕೆ ಅಡ್ಡ ಬರಲು ಇವರಾರು ಎಂದು ಖಾರವಾಗಿಯೇ ಕೇಳಿದರು. ಕತೆಯ ಓಟ ಕಡಿಯಬಾರದೆಂಬ ಟೊಸ್ಕಾನೀನಿಯವರ ಪಕ್ಷವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಆ ಸಂಜೆಯಷ್ಟು ಜೀವಂತವಾದ ಚರ್ಚೆ ಇನ್ನೊಂದು ನಡೆಯಲಿಲ್ಲ.

ಅವರು 1931ರ ಮೇ 14ರಂದು ಬೊಲೊನ್ಯಾದಲ್ಲಿ ಫ್ಯಾಸಿಸ್ಟರ ಗೀತೆಯನ್ನು ನುಡಿಸಲೊಪ್ಪದೆ ಏಟು ತಿಂದದ್ದನ್ನು, 1933ರಲ್ಲಿ ಹಿಟ್ಲರನ ಜರ್ಮನಿಯ ಬೈರಾಯ್ಟ್ ಒಪೆರಾ ಉತ್ಸವವನ್ನು ತೊರೆದದ್ದನ್ನು, ಯುರೋಪಿನಿಂದ ತಪ್ಪಿಸಿಕೊಂಡು ಬಂದ ಯಹೂದಿ ವಾದಕರ ಹೊಸ ವಾದ್ಯವೃಂದವನ್ನು 1936ರಲ್ಲಿ ಟೆಲ್ ಅವೀವ್‌ನಲ್ಲಿ ಸಂಭಾವನೆಯಿಲ್ಲದೆ ನಡೆಸಿದ್ದನ್ನು ಹೇಳುವಾಗ ನನ್ನ ಮಾತು ಸ್ತುತಿಯ ಕಡೆಗೆ ವಾಲುವುದು ಸಹಜವೇ ಆಗಿತ್ತು. 1919ರ ಚುನಾವಣೆಯಲ್ಲಿ ಫ್ಯಾಸಿಸ್ಟ್ ನಾಯಕ ಮುಸೊಲಿನಿಯ ಅಭ್ಯರ್ಥಿಗಳ ಪಟ್ಟಿಯಿಂದಲೇ ಅವರು ಸ್ಪರ್ಧಿಸಿ ಸೋತಿದ್ದರೆಂಬುದನ್ನೂ, ತಾಲೀಮಿನಲ್ಲಿ ವಾದಕರ ಮೇಲೆ ಹರಿಹಾಯುತ್ತಿದ್ದರೆಂಬುದನ್ನೂ ಬಿಡದೆ ವಿವರಿಸುವಂತೆ ಪಟ್ಟು ಹಿಡಿದ ಇತಿಹಾಸದ ಅಧ್ಯಾಪಕಿಯವರಿಗೆ ನಾನು ವಿಶೇಷವಾಗಿ ಕೃತಜ್ಞ.

ಧ್ವನಿವರ್ಧಕದ ಹೊಣೆ ಹೊತ್ತ ಯುವಕನನ್ನು ಮರೆಯಲಾರೆ. 1937ರಿಂದ 1954ರವರೆಗೆ ಟೊಸ್ಕಾನೀನಿ ನ್ಯೂಯಾರ್ಕಿನಲ್ಲಿ ನಡೆಸಿದ ಎನ್‌ಬಿಸಿ ಬಾನುಲಿ ಸಂಸ್ಥೆಯ ವಾದ್ಯವೃಂದದ ಧ್ವನಿಮುದ್ರಣಗಳಲ್ಲಿ ಅನೇಕವು ಆ ಸಂಸ್ಥೆಯ 8-ಎಚ್ ಸ್ಟುಡಿಯೊದಲ್ಲಿ ಆದವು. ಅಲ್ಲಿ ಅನುರಣನ (ನಾದದ ಮಾರ್ದನಿ) ಕಡಿಮೆಯಿದ್ದುದರಿಂದ ನಾದ ಒಣಗಿದಂತೆ ಕೇಳುತ್ತದೆ. ಆತ ಪ್ರತಿ ವಾರವೂ ಮುಂಚಿತವಾಗಿ ಬಂದು, ಪೆಟ್ಟಿಗೆಗಳ ಜಾಗ ಬದಲಿಸಿ, ಹಿಂದಿನ ಸಾಲಿನವರೆಗೂ ಅದನ್ನು ಹಿತವಾಗಿ ಮುಟ್ಟಿಸಿದ. ನಾನು ನುಡಿಸಿ ಕೇಳಿಸಿದ ಮುದ್ರಿಕೆಗಳು ಈಗ ಗ್ರಂಥಾಲಯದಲ್ಲಿಯೇ ಇವೆ, ಆಸಕ್ತರು ಅಲ್ಲಿಯೇ ಕುಳಿತು ಕೇಳಬಹುದು.