ಹಿಂದಿನ ಸೀಟಿನಲ್ಲಿ ಕುಳಿತು ಗಾಡಿ ಆರಿಸು

ಹಾಸನ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ಎರಡು ಗಾಡಿಗಳ ವಿವರವನ್ನೂ ನಿಧಾನವಾಗಿ ಓದಿದೆ. ಒಂದು ಹೊಚ್ಚಹೊಸದು, ನಾಲ್ಕು ಮೀಟರಿನೊಳಗಿನ ಸಣ್ಣ ಎಸ್‌ಯುವಿ. ಇನ್ನೊಂದು 2021ರ ಹ್ಯುಂಡೈ ಕ್ರೆಟಾ, ಒಬ್ಬರೇ ಓಡಿಸಿದ್ದು. ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ಹಣ. ಯಾವುದು ಲಾಭ ಎಂದು ಕೇಳಿದ್ದೀಯೆ. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕಾಗದ ಬರೆಯಲು ಕುಳಿತೆ. ವಿಮಾ ಕಚೇರಿಯ ಮೋಟಾರು ಕ್ಲೇಮ್ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದವಳು ನಾನು. ಷೋರೂಮಿನ ದೀಪಗಳ ಕೆಳಗೆ ಹೊಳೆಯುವ ಗಾಡಿಗಳನ್ನು ನಾನು ನೋಡಿದ್ದು ಕಡಿಮೆ. ಅಪಘಾತದ ನಂತರ ಹಾನಿ ಅಳೆಯುವ ಸರ್ವೇಯರ್ ಕಳುಹಿಸುತ್ತಿದ್ದ ಫೋಟೋಗಳಲ್ಲಿ ಅವೇ ಗಾಡಿಗಳನ್ನು ನೋಡಿದ್ದು ಹೆಚ್ಚು. ಆ ಫೈಲುಗಳಿಂದ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಎಲ್ಲರೂ ಚಾಲಕನ ಸೀಟಿನಲ್ಲಿ ಕುಳಿತು ಗಾಡಿ ಆರಿಸುತ್ತಾರೆ. ನೀನು ಹಿಂದಿನ ಸೀಟಿನಲ್ಲಿ ಕುಳಿತು ಆರಿಸು.

ನಿನ್ನ ಮನೆಯ ಲೆಕ್ಕವನ್ನೇ ತೆಗೆದುಕೋ. ಬೆಂಗಳೂರಿನಿಂದ ಪುತ್ತೂರಿಗೆ ಹೊರಟರೆ ಮುಂದೆ ನೀವಿಬ್ಬರು, ಹಿಂದೆ ನಿನ್ನ ಅತ್ತೆ, ಮಾವ, ಪುಟ್ಟ. ಪುಟ್ಟನಿಗೆ ಈಗ ನಾಲ್ಕು ವರ್ಷ, ಅವನು ಮಕ್ಕಳ ಸೀಟಿನಲ್ಲೇ ಕೂರಬೇಕು. ಆ ಸೀಟನ್ನು ಗಾಡಿಯಲ್ಲೇ ಅದಕ್ಕೆಂದು ಇರುವ ಐಸೋಫಿಕ್ಸ್ ಕೊಕ್ಕೆಗಳಿಗೆ ಸಿಕ್ಕಿಸಬೇಕಾದರೆ ಅದು ಕಿಟಕಿ ಬದಿಯಲ್ಲಿ ಬರುತ್ತದೆ. ಆಗ ಹಿರಿಯರಿಬ್ಬರಲ್ಲಿ ಒಬ್ಬರು ನಟ್ಟನಡುವೆ ಕೂರಬೇಕು. ಆ ನಡುವಿನ ಜಾಗದಲ್ಲಿ ಏನಿದೆ ಎಂದು ನೋಡು. ಹೆಗಲಿನಿಂದ ಸೊಂಟಕ್ಕೆ ಬರುವ ಮೂರು ಬಿಂದುಗಳ ಬೆಲ್ಟ್ ಇದೆಯೋ, ಬರೀ ಸೊಂಟದ ಪಟ್ಟಿಯೋ? ತಲೆಗೆ ಆಧಾರ ಇದೆಯೋ, ಇಲ್ಲವೋ? ಕೆಲವೇ ವರ್ಷಗಳ ಹಿಂದಿನ ಬಹಳಷ್ಟು ಗಾಡಿಗಳಲ್ಲಿ ನಡುವೆ ಸಿಗುತ್ತಿದ್ದುದು ಸೊಂಟದ ಪಟ್ಟಿ ಮಾತ್ರ. ಬೆಲ್ಟ್ ಹಾಕದೆ ಹಿಂದೆ ಕುಳಿತವರ ಕಡತಗಳನ್ನು ನಾನು ಓದಿದ್ದೇನೆ, ಅದನ್ನಿಲ್ಲಿ ವಿವರಿಸುವುದಿಲ್ಲ. ಹಿಂದೆ ಕುಳಿತವರ ಮೈ ಮುಂದಿನವರ ಬೆನ್ನಿಗೂ ಬಂದು ಬಡಿಯುತ್ತದೆ, ಇಷ್ಟು ತಿಳಿದರೆ ಸಾಕು. 2019ರ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟನ್ನಾಗಲಿ ಮಕ್ಕಳ ಸೀಟನ್ನಾಗಲಿ ಬಳಸದಿದ್ದರೆ ಸಾವಿರ ರೂಪಾಯಿ ದಂಡವೂ ಇದೆ. ದಂಡ ಇರಲಿ ಬಿಡಲಿ, ಮಗು ಮಡಿಲಲ್ಲಿ ಕೂರುವ ಅಭ್ಯಾಸ ನಿನ್ನ ಗಾಡಿಯಲ್ಲಿ ಶುರುವಾಗಬಾರದು. ಅತ್ತೆಗೆ ಬೇಸರವಾದರೂ ಪರವಾಗಿಲ್ಲ, ನಾನು ಹೇಳಿದೆನೆಂದು ಹೇಳು.

ಈಗ ಆ ಕ್ರೆಟಾ. ಅದು ದೊಡ್ಡದು, ಘನತೆಯದು ಎಂದು ಅಳಿಯಂದಿರಿಗೆ ಮನಸ್ಸಿದೆ ಎಂದು ಬರೆದಿದ್ದೀಯೆ. ಉದ್ದದಲ್ಲಿ ದೊಡ್ಡದು ನಿಜ, 4.3 ಮೀಟರ್ ಇದೆ. ಅಗಲ ನೋಡಿದರೆ 1,790 ಮಿ.ಮೀ., ನಾಲ್ಕು ಮೀಟರಿನೊಳಗಿನ ಮಾರುತಿ ಬ್ರೆಜಾದ್ದೂ ಅಷ್ಟೇ. ಮೂವರು ಹೆಗಲಿಗೆ ಹೆಗಲು ಕೊಟ್ಟು ಕೂರುವುದಕ್ಕೆ ಉದ್ದದಿಂದ ಏನೂ ಸಿಗುವುದಿಲ್ಲ. ಸಿಗುವುದು ಡಿಕ್ಕಿಯ ಜಾಗ ಮತ್ತು ಮೊಣಕಾಲಿನ ಜಾಗ. ನಮ್ಮ ದೇಶದ ಸಣ್ಣ ಎಸ್‌ಯುವಿಗಳು ನಾಲ್ಕು ಮೀಟರಿಗೆ ಸರಿಯಾಗಿ ಮೊಟಕಾಗಿರುವುದು ತೆರಿಗೆಗಾಗಿ. ನಾಲ್ಕು ಮೀಟರಿನೊಳಗೆ ಉದ್ದ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ಒಳಗಿನ ಎಂಜಿನ್ ಇದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ 18%, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 40%. ಬ್ರೆಜಾದ ಉದ್ದ ನಾಲ್ಕು ಮೀಟರಿನೊಳಗೇ ಇದ್ದರೂ ಎಂಜಿನ್ 1,462 ಸಿಸಿ, ಹಾಗಾಗಿ ಅದು 40%ರಲ್ಲೇ ಉಳಿದಿದೆ. ಬೆಲೆಪಟ್ಟಿ ನೋಡುವಾಗ ಇದು ನೆನಪಿರಲಿ.

ಅಳಿಯಂದಿರು ಬೇಸರಿಸಿಕೊಳ್ಳಬಾರದು, ಆದರೂ ಹೇಳಲೇಬೇಕು. ಆ ಪೀಳಿಗೆಯ ಕ್ರೆಟಾವನ್ನು ಗಾಡಿಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2022ರಲ್ಲಿ ಗುದ್ದಿಸಿ ಪರೀಕ್ಷಿಸಿದಾಗ ಸಿಕ್ಕಿದ್ದು ಐದರಲ್ಲಿ ಮೂರು ನಕ್ಷತ್ರ. ಗಾಡಿಯ ಹಂದರವೇ ಅಸ್ಥಿರ ಎಂದು ವರದಿ ಹೇಳಿತು. ಪರೀಕ್ಷೆಗೆ ಬಳಸಿದ್ದು ಎರಡೇ ಏರ್‌ಬ್ಯಾಗಿನ ಕೆಳದರ್ಜೆಯ ಮಾದರಿ, ಮುಂದೆ 2023ರ ಅಕ್ಟೋಬರಿನಲ್ಲಿ ಆ ಕಂಪನಿ ತನ್ನ ಎಲ್ಲ ಕಾರುಗಳಿಗೂ ಆರು ಏರ್‌ಬ್ಯಾಗ್ ಕೊಡತೊಡಗಿತು, ಇದೂ ನಿಜವೇ. ನೀನು ನೋಡುತ್ತಿರುವುದು ಮಾತ್ರ 2021ರದ್ದು. ಹೊಸ ಸಣ್ಣ ಗಾಡಿಗಳಲ್ಲಿ ಟಾಟಾದ ನೆಕ್ಸಾನ್, ಮಹೀಂದ್ರಾದ ಎಕ್ಸ್‌ಯುವಿ 3ಎಕ್ಸ್‌ಓ, ಸ್ಕೋಡಾದ ಕೈಲಾಕ್ ಐದು ನಕ್ಷತ್ರ ಪಡೆದಿವೆ. ನಕ್ಷತ್ರ ಎಣಿಸುವಾಗ ವರ್ಷವನ್ನೂ ಕೇಳು. 2018ರ ಡಿಸೆಂಬರಿನಲ್ಲಿ ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು, ನಾವೆಲ್ಲ ಕಚೇರಿಯಲ್ಲಿ ಹೆಮ್ಮೆಯಿಂದ ಮಾತಾಡಿಕೊಂಡೆವು. ಅನಂತರ ಪರೀಕ್ಷೆಯೇ ಬಿಗಿಯಾಯಿತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂತು. ಈಗ ಗಂಟೆಗೆ 64 ಕಿ.ಮೀ. ವೇಗದಲ್ಲಿ ಎದುರಿನಿಂದ ಗುದ್ದಿಸುವುದರ ಜೊತೆಗೆ ಪಕ್ಕದಿಂದಲೂ, ಕಂಬಕ್ಕೂ ಗುದ್ದಿಸಿ ನೋಡುತ್ತಾರೆ. ದೊಡ್ಡವರ ರಕ್ಷಣೆಗೆ ಬೇರೆ ನಕ್ಷತ್ರ, ಮಕ್ಕಳಿಗೆ ಬೇರೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ದೊಡ್ಡವರದ್ದು. ನೀನು ಮಕ್ಕಳದ್ದನ್ನು ಹುಡುಕಿ ಓದು.

ಹಳೆಯ ಗಾಡಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಣದ ಲೆಕ್ಕದಲ್ಲಿ ಅದಕ್ಕೆ ನಿಜವಾದ ಬಲವಿದೆ. ವಿಮೆಯ ಕೋಷ್ಟಕದಲ್ಲೇ ಎರಡು ವರ್ಷ ದಾಟಿದ ಗಾಡಿಯ ಮೌಲ್ಯ 30% ಇಳಿಯುತ್ತದೆ, ಮೂರು ದಾಟಿದರೆ 40%. ಆ ಇಳಿಕೆಯನ್ನು ಮೊದಲ ಮಾಲೀಕ ಭರಿಸಿರುತ್ತಾನೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಐದರಿಂದ ಹತ್ತು ಲಕ್ಷದ ಗಾಡಿಗೆ 14%, ಹತ್ತು ದಾಟಿ ಇಪ್ಪತ್ತರೊಳಗಿದ್ದರೆ 17%, ಅದರ ಮೇಲೆ ಸೆಸ್ಸು. ನಮ್ಮ ನೋಂದಣಿಯ ಹಳೆಯ ಗಾಡಿಯಲ್ಲಿ ಅದೂ ಸಂದಾಯವಾಗಿರುತ್ತದೆ. ಹೊರರಾಜ್ಯದ್ದಾದರೆ ನಿರಾಕ್ಷೇಪಣಾ ಪತ್ರ ತರಿಸಿ ಇಲ್ಲಿ ತೆರಿಗೆ ಕಟ್ಟಬೇಕು, ಅಗ್ಗ ಎಂದು ಮುಂಬೈ, ದೆಹಲಿಯ ಗಾಡಿಗೆ ಹೋಗಬೇಡ. ಚೌಕಾಸಿಯಲ್ಲಿ ಇನ್ನೊಂದು ಮಾತು. 2025ರ ಸೆಪ್ಟೆಂಬರಿಗೆ ಮುಂಚೆ ಕೊಂಡವರು ಹಳೆಯ ತೆರಿಗೆಯ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಹೇಳುತ್ತಾರೆ. ಅವರು ಆಗ ಎಷ್ಟು ಕೊಟ್ಟರು ಎಂಬುದು ನಿನಗೆ ಬೇಡ. ಅದೇ ಗಾಡಿ ಇವತ್ತು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬಲ್ಲಿಂದ ಕೆಳಗೆ ಎಣಿಸು.

ಆದರೆ ಹಳೆಯದಕ್ಕೆ ನಾನು ಒಂದು ಗೆರೆ ಎಳೆಯುತ್ತೇನೆ, 2023ರ ಏಪ್ರಿಲ್. ಆ ತಿಂಗಳಿನಿಂದ ಬಂದ ಗಾಡಿಗಳ ಇಂಧನ ಭಾಗಗಳು ಇಪ್ಪತ್ತು ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲಿಗೆ ಹೊಂದುವಂಥವು. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಅದೇ ಪೆಟ್ರೋಲು. ಅದಕ್ಕಿಂತ ಹಿಂದಿನವುಗಳಲ್ಲಿ ಮೈಲೇಜು ಕೊಂಚ ಇಳಿಯುತ್ತದೆ, ವರ್ಷಗಳು ಕಳೆದಂತೆ ರಬ್ಬರಿನ ಕೊಳವೆ, ಸೀಲುಗಳನ್ನು ಬದಲಿಸುವ ಖರ್ಚೂ ಬರಬಹುದು. 2021ರ ಕ್ರೆಟಾ ಈ ಗೆರೆಗಿಂತ ಹಿಂದಿನದು.

ಹಳೆಯದನ್ನು ನೋಡಲು ಹೋದರೆ ಹೇಗೆ ನೋಡಬೇಕೆಂದು ಹೇಳುತ್ತೇನೆ, ಇದು ನನ್ನ ಕಸುಬಿನ ವಿಷಯ. ಬೆಳಿಗ್ಗೆ ಹೋಗು, ಎಂಜಿನ್ ತಣ್ಣಗಿರುವಾಗ. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡು. ಬಾನೆಟ್ ಎತ್ತಿ ಅದರ ಕೀಲಿನ ಬೋಲ್ಟುಗಳನ್ನು ನೋಡು. ಬಣ್ಣ ಎದ್ದು ಸ್ಪ್ಯಾನರಿನ ಗುರುತಿದ್ದರೆ ಬಾನೆಟ್ ಒಮ್ಮೆ ಕಳಚಿದೆ ಎಂದರ್ಥ. ಮಡ್‌ಗಾರ್ಡಿನ ಬೋಲ್ಟು, ರೇಡಿಯೇಟರನ್ನು ಹಿಡಿದ ಅಡ್ಡಪಟ್ಟಿ, ಡಿಕ್ಕಿಯ ನೆಲದ ಬೆಸುಗೆ ಇವನ್ನೂ ಹಾಗೆಯೇ ನೋಡು. ಗಾಜುಗಳ ಮೂಲೆಯಲ್ಲಿ ಮುದ್ರೆಯಿರುತ್ತದೆ, ಅವುಗಳಲ್ಲಿ ಒಂದು ಬೇರೆ ವರ್ಷದ್ದಾದರೆ ಏಕೆ ಎಂದು ಕೇಳು. ಟೈರಿನ ಪಕ್ಕದ ನಾಲ್ಕಂಕಿ ವಾರವನ್ನೂ ವರ್ಷವನ್ನೂ ಹೇಳುತ್ತದೆ, 2323 ಎಂದರೆ 2023ರ ಇಪ್ಪತ್ಮೂರನೆಯ ವಾರ. ಮೀಟರು ಇಪ್ಪತ್ತೈದು ಸಾವಿರ ಕಿ.ಮೀ. ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಆ ಮೀಟರನ್ನು ನಂಬಬೇಡ. ಸರ್ವಿಸಿನ ದಾಖಲೆಯನ್ನು ಮಾರುವವನ ಕೈಯಿಂದ ತೆಗೆದುಕೊಳ್ಳದೆ ಕಂಪನಿಯ ಸರ್ವಿಸ್ ಕೇಂದ್ರದಿಂದಲೇ ತೆಗೆಸು.

ನೀರು ಹೊಕ್ಕ ಗಾಡಿಯ ಬಗ್ಗೆ ಇನ್ನೂ ಎಚ್ಚರವಿರಲಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆ ನೆಲಮಾಳಿಗೆಗಳಲ್ಲಿ ಮುಳುಗಿದ ಗಾಡಿಗಳು ನಿನಗೂ ನೆನಪಿವೆ. ದುರಸ್ತಿಯ ಖರ್ಚು ವಿಮಾ ಮೌಲ್ಯದ 75% ಮೀರಿದರೆ ಗಾಡಿಯನ್ನು ಸಂಪೂರ್ಣ ನಷ್ಟ ಎಂದು ಬರೆದು, ಉಳಿದ ಮೈಯನ್ನು ಮಾರುತ್ತಾರೆ. ಅಂಥವುಗಳಲ್ಲಿ ಕೆಲವು ತೊಳೆದು ಒರೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಚಾಪೆ ಎತ್ತಿ ಸೀಟಿನ ಹಳಿಗಳ ತುಕ್ಕು ನೋಡು, ಹೆಚ್ಚುವರಿ ಚಕ್ರದ ಗುಂಡಿಯಲ್ಲಿ ಕೈಯಾಡಿಸು. ಸುಗಂಧದ ಡಬ್ಬಿ ಘಮಘಮಿಸುತ್ತಿದ್ದರೆ ಕಿಟಕಿ ಏರಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾಗಿಲು ತೆರೆದು ಮುಗ್ಗಲು ವಾಸನೆ ಇದೆಯೇ ನೋಡು.

ವಿಮೆಯ ವರ್ಗಾವಣೆಯನ್ನು ಜನ ಮರೆಯುವಷ್ಟು ಬೇರೇನನ್ನೂ ಮರೆಯುವುದಿಲ್ಲ. ಗಾಡಿ ಕೈಬದಲಾದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ನಿನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಾಗದೆ ಗಾಡಿ ಜಖಂಗೊಂಡರೆ ನಿನ್ನ ನಷ್ಟಕ್ಕೆ ಯಾರೂ ಹೊಣೆಯಾಗುವುದಿಲ್ಲ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ರಿಯಾಯಿತಿ, ಅವನ ಜೊತೆಗೇ ಹೋಗುತ್ತದೆ, ನಿನಗೆ ಬರುವುದಿಲ್ಲ. ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಅದನ್ನು ತೆಗೆದುಹಾಕಿದ ಮೇಲೆಯೇ ಹಣ ಕೊಡು.

ಇನ್ನು ಘಾಟಿ. ದೋಣಿಗಾಲ್ ದಾಟಿ ಗುಂಡ್ಯದವರೆಗೆ ಶಿರಾಡಿಯಲ್ಲಿ ಟ್ಯಾಂಕರುಗಳ ಹಿಂದೆ ತೆವಳುವುದು ನಿನಗೆ ಗೊತ್ತೇ ಇದೆ. ಐದು ಜನ, ಸಾಮಾನು, ಏರು, ನಿಂತು ನಿಂತು ಹೊರಡುವುದು. ಸಣ್ಣ ಟರ್ಬೊ ಎಂಜಿನ್ನು ಕೆಳವೇಗದಲ್ಲಿ ಎಳೆಯಲು ತಡವರಿಸುತ್ತದೆ. ಆಟೋಮ್ಯಾಟಿಕ್ ಬೇಕೆಂದಿದ್ದೀಯೆ, ಒಳ್ಳೆಯದು, ಆದರೆ ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ. ಎಎಂಟಿ ಎಂದರೆ ಮಾನವಚಾಲಿತ ಗೇರಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದು, ಏರಿನಲ್ಲಿ ಅದು ಮುಗ್ಗರಿಸಿದಂತೆ ಮಾಡುತ್ತದೆ. ಡಿಸಿಟಿ ಎಂದರೆ ಎರಡು ಕ್ಲಚ್ಚುಗಳದ್ದು, ಅದರಲ್ಲಿ ಒಣ ಕ್ಲಚ್ಚಿನದು ತೆವಳುವಾಗ ಬಿಸಿಯೇರುತ್ತದೆ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದನ್ನೇ ಆರಿಸು. 3ಎಕ್ಸ್‌ಓ, ಕೈಲಾಕ್, ಬ್ರೆಜಾಗಳಲ್ಲಿ ಆರು ಗೇರುಗಳ ಅಂಥದ್ದು ಸಿಗುತ್ತದೆ. ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗ ತಡೆ, ಬ್ರೇಕನ್ನೇ ಒತ್ತಿಹಿಡಿದು ಇಳಿಯಬೇಡ. ಎತ್ತರದ ಗಾಡಿ ತಿರುವಿನಲ್ಲಿ ಹೊರಳುವ ಭಯ ಜಾಸ್ತಿ, ಹಾಗಾಗಿ ಗಾಡಿ ಹಿಡಿತ ತಪ್ಪದಂತೆ ತಾನೇ ಬ್ರೇಕ್ ಹಾಕುವ ಇಎಸ್‌ಸಿ ಇಲ್ಲದ ಎಸ್‌ಯುವಿಯನ್ನು ಮುಟ್ಟಲೂ ಬೇಡ. ಡೀಸೆಲ್ ನಿನಗೆ ಬೇಡ. ವಾರವಿಡೀ ಮನೆಯಿಂದ ಕಚೇರಿಗೆ ನಾಲ್ಕು ಹೆಜ್ಜೆ ಓಡಿಸಿದರೆ ಅದರ ಹೊಗೆಸೋಸಕ ಕಟ್ಟಿಕೊಳ್ಳುತ್ತದೆ.

ನನ್ನ ಮನಸ್ಸು ಎಲ್ಲಿ ನಿಂತಿದೆ ಎಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹೊಸದನ್ನು ಕೊಳ್ಳುವುದಾದರೆ ಎಕ್ಸ್‌ಯುವಿ 3ಎಕ್ಸ್‌ಓ. ಅದರ ಅಗಲ 1,821 ಮಿ.ಮೀ., ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ 2,600 ಮಿ.ಮೀ. ಕ್ರೆಟಾದ 2,610ಕ್ಕೆ ಹೋಲಿಸಿ ನೋಡು, ನಾಲ್ಕು ಮೀಟರಿನೊಳಗೇ ಅಷ್ಟು ಜಾಗವನ್ನು ಹಿಂದಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಆರು ಏರ್‌ಬ್ಯಾಗ್, ಐವರಿಗೂ ಮೂರು ಬಿಂದುಗಳ ಬೆಲ್ಟ್ ಕೆಳದರ್ಜೆಯಿಂದಲೇ ಇವೆ. ಡಿಕ್ಕಿ ಚಿಕ್ಕದು, ಅದೊಂದು ಕೊರತೆ. ಪುತ್ತೂರಿನಿಂದ ತೆಂಗಿನಕಾಯಿ ಮೂಟೆ ತರುವ ಮಾವನವರಿಗೆ ಈಗಲೇ ಹೇಳಿಡು. ಕೈಲಾಕ್ ಗಟ್ಟಿ, ಓಡಿಸಲು ಚೆನ್ನ, ಆದರೆ ಹಿಂದೆ ಇಬ್ಬರಿಗೆ ಹೇಳಿ ಮಾಡಿಸಿದ್ದು. ಹಣ ಉಳಿಸಲೇಬೇಕು ಎನ್ನುವುದಾದರೆ ಎರಡು ವರ್ಷದ ಹಳೆಯ 3ಎಕ್ಸ್‌ಓವನ್ನೇ ಹುಡುಕು. ಅದೇ ಹಣಕ್ಕೆ ದೊಡ್ಡ ಹಳೆಯ ಗಾಡಿ ಸಿಗುತ್ತದೆ ಎಂದು ಹಿಂದಿನವರ ರಕ್ಷಣೆಯನ್ನು ಬಿಟ್ಟುಕೊಡಬೇಡ. ಯಾವುದನ್ನು ನೋಡಲು ಹೋದರೂ ಪುಟ್ಟನ ಸೀಟನ್ನು ಹೊತ್ತುಕೊಂಡು ಹೋಗು, ಅತ್ತೆ ಮಾವನನ್ನೂ ಕರೆದುಕೊಂಡು ಹೋಗು. ಸೀಟನ್ನು ಸಿಕ್ಕಿಸಿ, ಅವರಿಬ್ಬರನ್ನೂ ಕೂರಿಸಿ, ಬೆಲ್ಟ್ ಹಾಕಿಸು. ಅತ್ತೆಯ ಮೊಣಕಾಲು ಹತ್ತುವಾಗ ಇಳಿಯುವಾಗ ಏನನ್ನುತ್ತದೆ ಎಂದು ಅವರ ಬಾಯಿಂದಲೇ ಕೇಳು. ಗಾಜಿನ ಛಾವಣಿ ಬೇಕೇ, ದೊಡ್ಡ ಪರದೆ ಬೇಕೇ ಎಂಬುದೆಲ್ಲ ಆಮೇಲೆ.

ಗಾಡಿ ನಿನ್ನ ಹೆಸರಿನಲ್ಲಿರಲಿ. ಹೆಚ್ಚು ಓಡಿಸುವವಳು ನೀನು, ಕಂತು ಕಟ್ಟುವವಳೂ ನೀನು. ಕಾನೂನಿನಂತೆ ಮಾಡಿಸಬೇಕಾದ ಹದಿನೈದು ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಸಿಗುವುದು ನೋಂದಾಯಿತ ಮಾಲೀಕರೇ ಚಾಲಕರಾಗಿದ್ದಾಗ. ಗಾಡಿ ಅಳಿಯಂದಿರ ಹೆಸರಿನಲ್ಲಿದ್ದು ಸ್ಟೀರಿಂಗ್ ನಿನ್ನ ಕೈಯಲ್ಲಿದ್ದರೆ ಆ ರಕ್ಷಣೆ ನಿನಗೆ ಇಲ್ಲ. ಉಳಿದ ಪ್ರಯಾಣಿಕರಿಗೂ ಸಣ್ಣ ಮೊತ್ತ ಕೊಟ್ಟು ವಿಮೆ ಸೇರಿಸಬಹುದು, ಸೇರಿಸು. ಬೆಂಗಳೂರಿನ ಮಳೆಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನೂ ತೆಗೆದುಕೋ, ನೀರಿನಲ್ಲಿ ನಿಂತ ಗಾಡಿಯನ್ನು ಮಾತ್ರ ಮತ್ತೆ ಚಾಲೂ ಮಾಡಬೇಡ.

ಮುಂಗಡ ಕೊಡುವ ಮೊದಲು ಛಾಸಿ ಸಂಖ್ಯೆಯನ್ನೂ ತಯಾರಾದ ತಿಂಗಳನ್ನೂ ನನಗೆ ಕಳುಹಿಸು, ಹೊಸದಾದರೂ ಸರಿ. ಹಳೆಯದನ್ನು ನೋಡುವುದಾದರೆ ದಿನ ತಿಳಿಸು, ಹಿಂದಿನ ರಾತ್ರಿಯ ಬಸ್ಸಿಗೆ ಹೊರಟು ಬರುತ್ತೇನೆ.

ಇತಿ,
ಅಮ್ಮ