ತಲೆಬರಹ ಗೊತ್ತಿದ್ದರೆ ಸಾಲದು, ಕಕ್ಷಿದಾರ ಕಾಣಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕಾರ್ಪೊರೇಟ್ ಲಾ ಫರ್ಮ್‌ಗಳ ಸಂದರ್ಶನದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ: ‘ಈಚೆಗೆ ನೀವು ಗಮನಿಸಿದ ವಾಣಿಜ್ಯ ವಿಚಾರ ಯಾವುದು?’ ಜಿಲ್ಲೆಗಳ ಕಾನೂನು ಕಾಲೇಜಿನಿಂದ ಬರುವ ಜಾಣ ಮಕ್ಕಳೂ ಇಲ್ಲಿ ಎಡವುತ್ತಾರೆ. ತಮ್ಮ ಇಂಗ್ಲಿಷ್ ಸಾಲದೆಂದು ಕೊರಗುತ್ತಾರೆ. ಕಾರಣ ಅದಲ್ಲ. ಹತ್ತು ವಿಷಯಗಳ ತಲೆಬರಹ ಬಾಯಿಪಾಠ ಮಾಡಿಕೊಂಡು ಹೋಗಿರುತ್ತಾರೆ, ಎರಡನೇ ಪ್ರಶ್ನೆಗೆ ಸರಕು ಖಾಲಿ.

ಎರಡೇ ವಿಷಯ ಸಾಕು, ಆದರೆ ಬುಡದವರೆಗೆ ಇಳಿಯಬೇಕು. ಆನ್‌ಲೈನ್ ಪಾಠದ ಕಂಪನಿ ಬೈಜೂಸ್‌ನ ದಿವಾಳಿ ಪ್ರಕರಣವನ್ನೇ ನೋಡಿ. ಕಂಪನಿಯೂ ಬೆಂಗಳೂರಿನದು, ಪ್ರಕರಣ ಶುರುವಾದದ್ದೂ ಇಲ್ಲೇ. 2024ರ ಜುಲೈ 16ರಂದು ಎನ್‌ಸಿಎಲ್‌ಟಿಯ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಬೆಂಗಳೂರು ಪೀಠ ಬಿಸಿಸಿಐ ಹಾಕಿದ್ದ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು. ಬಾಕಿ ಸುಮಾರು 158 ಕೋಟಿ ರೂಪಾಯಿ, ಕ್ರಿಕೆಟ್ ತಂಡದ ಜೆರ್ಸಿ ಪ್ರಾಯೋಜಕತ್ವದ್ದು. ಆಗಸ್ಟ್ 2ರಂದು ಮೇಲ್ಮನವಿ ನ್ಯಾಯಮಂಡಳಿ ರಾಜಿ ಒಪ್ಪಿ ದಿವಾಳಿ ಪ್ರಕ್ರಿಯೆ ಕೈಬಿಟ್ಟಿತು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ಸಂದರ್ಶಕರು ಕೇಳುವುದು ಇದರ ಮುಂದಿನದನ್ನು. ಬಿಸಿಸಿಐಗೆ ದುಡ್ಡು ಸಿಗುವುದಿತ್ತಲ್ಲ, ಕಂಪನಿಗೆ ಸಾಲ ಕೊಟ್ಟ ಅಮೆರಿಕದ ಸಂಸ್ಥೆಗಳು ಯಾಕೆ ಅಡ್ಡ ಬಂದವು? ಉತ್ತರಕ್ಕೆ ಹಣದ ಸಾಲು ಕಣ್ಣ ಮುಂದೆ ಇರಬೇಕು. ಬಿಸಿಸಿಐಯದು ವ್ಯವಹಾರದ ಬಾಕಿ, ಕಂಪನಿಯ ಮುಂದಿನ ದಾರಿಯನ್ನು ಮತ ಹಾಕಿ ತೀರ್ಮಾನಿಸುವ ಸಾಲದಾತರ ಸಮಿತಿಯಲ್ಲಿ ಅದಕ್ಕೆ ಮತವಿಲ್ಲ. ಗ್ಲಾಸ್ ಟ್ರಸ್ಟ್ ಎಂಬ ಸಂಸ್ಥೆ ಪ್ರತಿನಿಧಿಸುತ್ತಿದ್ದ ಈ ಅಮೆರಿಕದವರು 120 ಕೋಟಿ ಡಾಲರ್ ಸಾಲ ಕೊಟ್ಟವರು. ಕಂಪನಿ ಪ್ರಕ್ರಿಯೆಯಿಂದ ಹೊರಬಿದ್ದರೆ ಒಬ್ಬರ ಬಾಕಿ ತೀರುತ್ತದೆ, ಉಳಿದವರು ಮತ್ತೆ ಬೇರೆ ಬಾಗಿಲು ತಟ್ಟಬೇಕು. ಬಿಸಿಸಿಐಗೆ ಕೊಡಲು ಹೊರಟ ಹಣದ ಮೂಲವನ್ನೂ ಸಾಲ ಕೊಟ್ಟವರು ಪ್ರಶ್ನಿಸಿದ್ದರು. ದಿವಾಳಿ ಸಂಹಿತೆಯ ಸೆಕ್ಷನ್ 12ಎ ಮತ್ತು ನಿಯಮ 30ಎ ಹೇಳಿದ ದಾರಿಯಲ್ಲೇ, ಅಂದರೆ ಮಧ್ಯಂತರ ವೃತ್ತಿಪರರ (ದಿವಾಳಿ ಪ್ರಕ್ರಿಯೆ ಶುರುವಾದಾಗ ಕಂಪನಿ ನೋಡಿಕೊಳ್ಳಲು ನೇಮಕವಾದವರ) ಮೂಲಕ ಎನ್‌ಸಿಎಲ್‌ಟಿಗೇ ಹಿಂಪಡೆಯುವ ಅರ್ಜಿ ಹೋಗಬೇಕಿತ್ತು. ಮೇಲ್ಮನವಿ ನ್ಯಾಯಮಂಡಳಿ ತನ್ನ ಅಂತರ್ಗತ (ಕಾಯ್ದೆಯಲ್ಲಿ ಬಿಡಿಸಿ ಹೇಳದ) ಅಧಿಕಾರ ಬಳಸಿ ಆ ದಾರಿಯನ್ನು ದಾಟಿಹೋಗುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಸಾಲದಾತರ ಸಮಿತಿ ರಚನೆಯಾದ ಮೇಲೆ ದಿವಾಳಿ ಅರ್ಜಿ ಹಿಂಪಡೆಯಲು ಸಮಿತಿಯ ಶೇ 90ರಷ್ಟು ಮತ ಬೇಕು. ಹಾಗಾಗಿ ಇಂಥ ಪ್ರಕರಣದಲ್ಲಿ ಸಮಿತಿ ಯಾವ ದಿನ ರಚನೆಯಾಯಿತು ಎಂಬ ಒಂದು ತಾರೀಖಿನ ಮೇಲೆ ಕಕ್ಷಿದಾರನ ಕೋಟಿಗಟ್ಟಲೆ ಹಣ ನಿಂತಿರುತ್ತದೆ.

ಇದನ್ನೆಲ್ಲ ಒಂದೇ ಹಾಳೆಗೆ ಇಳಿಸಿಕೊಳ್ಳಿ. ನಡುವೆ ಕಂಪನಿಯ ಚೌಕ, ಸುತ್ತ ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಬಾಣಗಳು, ಬಾಣದ ಮೇಲೆ ತಾರೀಖು, ಕೆಳಗೆ ಸೆಕ್ಷನ್. ಹಾಳೆಯ ಕೊನೆಗೆ ಒಂದು ಪ್ರಶ್ನೆ: ‘ಇವರು ನಮ್ಮ ಕಕ್ಷಿದಾರರಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು?’ ಬಿಸಿಸಿಐಗೆ ಒಂದು ಉತ್ತರ, ಸಾಲ ಕೊಟ್ಟವರಿಗೆ ಒಂದು, ಕಂಪನಿ ಕಟ್ಟಿದ ಪ್ರವರ್ತಕರಿಗೆ ಇನ್ನೊಂದು. ಸಂದರ್ಶನದಲ್ಲಿ ಅಂಕ ಸಿಗುವುದು ಈ ಸಾಲಿಗೇ. ಆಮೇಲೆ ಅಂಕಿ ಬದಲಿಸಿ ನೋಡಿ. ಬಾಕಿ 60 ಲಕ್ಷವಷ್ಟೇ ಆಗಿದ್ದರೆ? 2020ರ ಮಾರ್ಚ್‌ನಿಂದ ದಿವಾಳಿ ಅರ್ಜಿಗೆ ಕನಿಷ್ಠ 1 ಕೋಟಿ ಬಾಕಿ ಇರಬೇಕು. 60 ಲಕ್ಷಕ್ಕಾದರೆ ಹೋಗಬೇಕಾದದ್ದು ವಾಣಿಜ್ಯ ನ್ಯಾಯಾಲಯಕ್ಕೆ. ಬಾಕಿ ಬರಬೇಕಾದವರು ಸಣ್ಣ ಉದ್ದಿಮೆಯಾಗಿದ್ದರೆ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆಯಡಿ ಬಾಕಿಯ ವ್ಯಾಜ್ಯ ನೋಡುವ ಫೆಸಿಲಿಟೇಶನ್ ಕೌನ್ಸಿಲ್. ಪೀಣ್ಯದ ಬಿಡಿಭಾಗ ತಯಾರಕರೊಬ್ಬರು ವಕೀಲರ ಮುಂದೆ ಕೂತು ಕೇಳುವ ಪ್ರಶ್ನೆ ಇದೇ.

ಅಂಕಿಯಲ್ಲಿ ಎಡವುವುದಕ್ಕೆ ಸ್ವಿಗ್ಗಿ ಐಪಿಒ (ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರಾಟ) ಒಳ್ಳೆಯ ಉದಾಹರಣೆ. 2024ರ ನವೆಂಬರ್‌ನಲ್ಲಿ ‘ಕಂಪನಿ 11,327 ಕೋಟಿ ಎತ್ತಿತು’ ಎಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಹೊಸ ಷೇರಿನ ಪಾಲು 4,499 ಕೋಟಿ ಮಾತ್ರ. ಉಳಿದದ್ದು ಹಳೆಯ ಷೇರುದಾರರು ಮಾರಿದ್ದು, ಆ ಹಣ ಕಂಪನಿಗೆ ಬರುವುದಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ (ಷೇರು ಮಾರುವ ಮುನ್ನ ಕಂಪನಿ ಹೊರತರುವ ವಿವರಪತ್ರ) ಹಣದ ಬಳಕೆಯ ಅಧ್ಯಾಯ ಮತ್ತು ಅಪಾಯಗಳ ಅಧ್ಯಾಯ ಓದಿದರೆ ಸಾಕಷ್ಟಾಯಿತು, ನೂರಾರು ಪುಟ ಪೂರ್ತಿ ಓದಬೇಕಿಲ್ಲ.

ಹೋಗುವ ಮುನ್ನ ಒಂದು ಪರಿಶೀಲನೆ ಕಡ್ಡಾಯ. ತೀರ್ಪಿನಲ್ಲೋ ಆ ದಿನದ ಆದೇಶದಲ್ಲೋ ಸಾಮಾನ್ಯವಾಗಿ ಹಾಜರಾದ ವಕೀಲರ ಹೆಸರಿರುತ್ತದೆ, ಪ್ರಾಸ್ಪೆಕ್ಟಸ್‌ನಲ್ಲಿ ಕಾನೂನು ಸಲಹೆಗಾರರ ಹೆಸರಿರುತ್ತದೆ. ನೀವು ಹೋಗುತ್ತಿರುವ ಫರ್ಮ್ ಅಲ್ಲಿದ್ದರೆ, ಅದರ ಕಕ್ಷಿದಾರನನ್ನು ಅವರೆದುರೇ ಜರೆದು ಬರಬೇಡಿ. ಭಿನ್ನಾಭಿಪ್ರಾಯವಿದ್ದರೆ ಕಾರಣ ಕೊಟ್ಟು ಹೇಳಿ. ಇನ್ನೂ ದೊಡ್ಡ ತಪ್ಪೆಂದರೆ ಇಂಟರ್ನ್‌ಶಿಪ್‌ನಲ್ಲಿ ಕಂಡ, ಇನ್ನೂ ಬಹಿರಂಗವಾಗದ ವ್ಯವಹಾರವನ್ನು ಹೆಮ್ಮೆಯಿಂದ ಬಿಚ್ಚಿಡುವುದು. ನಾಳೆ ನಮ್ಮ ಗುಟ್ಟನ್ನೂ ಹೀಗೇ ಬಿಟ್ಟುಕೊಡುತ್ತಾರೆ ಎಂದು ಎದುರು ಕೂತವರು ಅಂದುಕೊಂಡರೆ, ಮುಂದೆ ಎಷ್ಟು ಚೆನ್ನಾಗಿ ಮಾತಾಡಿದರೂ ಪ್ರಯೋಜನವಿಲ್ಲ.

ಒಂದು ವಿಷಯಕ್ಕೆ ಆರೇಳು ಗಂಟೆ ಇಟ್ಟುಕೊಳ್ಳಿ. ಅರ್ಧ ಹೊತ್ತು ಮೂಲ ತೀರ್ಪಿಗೆ. ಸುಪ್ರೀಂ ಕೋರ್ಟ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಉಳಿದದ್ದು ಬಾಯಿಬಿಟ್ಟು ಹೇಳುವ ಅಭ್ಯಾಸಕ್ಕೆ: ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಎರಡು ನಿಮಿಷದೊಳಗೆ. ಕನ್ನಡದಲ್ಲಿ ಅಮ್ಮನಿಗೆ ತಿಳಿಯುವ ಹಾಗೆ ಹೇಳಲು ಬಾರದಿದ್ದರೆ ವಿಷಯ ನಿಮಗಿನ್ನೂ ದಕ್ಕಿಲ್ಲ. ಗೆಳೆಯರೊಬ್ಬರನ್ನು ಎದುರು ಕೂರಿಸಿ ಮೂರು ಸಲ ‘ಸರಿ, ಆಮೇಲೆ?’ ಎಂದು ಕೇಳಿಸಿಕೊಳ್ಳಿ. ಮೂರನೆಯದಕ್ಕೆ ಉತ್ತರ ತೋಚದಿದ್ದರೆ ಊಹಿಸಬೇಡಿ, ಯಾವ ಕಾಯ್ದೆಯಲ್ಲಿ ಹುಡುಕುತ್ತೀರೆಂದು ಹೇಳಿ. ಕಿರಿಯ ವಕೀಲರಿಂದ ಫರ್ಮ್ ಬಯಸುವುದೂ ಅದನ್ನೇ.

ತಮ್ಮ ಪತ್ರಿಕೆಗೆ ಒಂದು ವಿನಂತಿ. ವಾಣಿಜ್ಯ ಪುಟದಲ್ಲಿ ಇಂಥ ಆದೇಶಗಳ ಸುದ್ದಿ ಬಂದಾಗ ಪ್ರಕರಣದ ಪೂರ್ಣ ಹೆಸರು, ಆದೇಶದ ತಾರೀಖು, ಸೆಕ್ಷನ್ ಸಂಖ್ಯೆ ಕೊನೆಯಲ್ಲಿ ಒಂದು ಸಾಲು ಹಾಕಿದರೆ, ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಕುಳಿತ ವಿದ್ಯಾರ್ಥಿ ಅಂದೇ ಮೂಲ ಆದೇಶ ತೆಗೆದು ಓದಬಹುದು.

– ಕೆಲವು ವಕೀಲರು, ಬೆಂಗಳೂರು