ಶನಿವಾರ ಬೀಟ್‌ರೂಟ್ ರುಚಿಕೂಟ: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10.30ಕ್ಕೆ ನಮ್ಮ ಸಭಾಂಗಣದಲ್ಲಿ 2ರಿಂದ 6 ವರ್ಷದ ಮಕ್ಕಳ ರುಚಿಕೂಟವಿದೆ. ಹೊಸ ತಿನಿಸನ್ನು ಕಂಡರೆ ಹಿಂದೆ ಸರಿಯುವುದು ಈ ವಯಸ್ಸಿನಲ್ಲೇ ಹೆಚ್ಚು. ಅದು ಹಟವಲ್ಲ, ದಯವಿಟ್ಟು ಗದರಬೇಡಿ.

ಮಕ್ಕಳು ಮೊದಲು ಕಣ್ಣಿನಿಂದಲೇ ತೀರ್ಮಾನಿಸುತ್ತಾರೆ. ನನ್ನ ಮಗಳಿಗೆ ಬಿಳಿ ಇಡ್ಲಿ ಇಷ್ಟ. ಅದೇ ಆಕಾರದ ರಾಗಿ ಇಡ್ಲಿಯನ್ನು ತಟ್ಟೆಯಲ್ಲಿಟ್ಟರೆ, ಕಂದು ಬಣ್ಣ ನೋಡಿ "ಇದು ಇಡ್ಲಿ ಅಲ್ಲ" ಎನ್ನುತ್ತಾಳೆ. ಉಪ್ಪಿಟ್ಟಿನಿಂದ ಕೊತ್ತಂಬರಿ ಆರಿಸಿ ತೆಗೆಯುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಆದ್ದರಿಂದ ತರಕಾರಿಯನ್ನು ರುಬ್ಬಿ ಬಚ್ಚಿಟ್ಟು ತಿನ್ನಿಸುವುದಷ್ಟೇ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಮಗು ಅದರ ಗುರುತು ಹಿಡಿಯುವುದು ಯಾವಾಗ?

ಸೊಪ್ಪಿನ ಸಮೇತ ಇಡೀ ಬೀಟ್‌ರೂಟನ್ನು ಮುಟ್ಟಲು, ಮೂಸಲು ಕೊಟ್ಟು, ಪಕ್ಕದಲ್ಲೇ ಅದರ ಪಲ್ಯ ಮತ್ತು ಮೊಸರು ಬಜ್ಜಿ ಇಡುತ್ತೇವೆ. ಮಗುವಿಗೆ ಪರಿಚಿತವಾದ ಒಂದು ತಿನಿಸನ್ನು ಪುಟ್ಟ ಡಬ್ಬಿಯಲ್ಲಿ ತನ್ನಿ. ನೀವೂ ಜೊತೆಗೆ ಕುಳಿತು ತಿನ್ನಿ. ಒತ್ತಾಯ ಬೇಡ, ತಿಂದರೆ ಚಾಕೊಲೇಟ್ ಎಂಬ ಆಮಿಷವೂ ಬೇಡ. ಒಂದು ರುಚಿ ಒಗ್ಗಲು ಹತ್ತಾರು ಸಲ ಎದುರಿಗಿಡಬೇಕಾಗಬಹುದು. ಅಂದ ಹಾಗೆ, ಬೀಟ್‌ರೂಟ್ ತಿಂದ ಮೇಲೆ ಮೂತ್ರ ಕೆಂಪಗೆ ಕಂಡರೆ ಗಾಬರಿಯಾಗಬೇಡಿ.

ಬರುವವರು ಮಗುವಿನ ವಯಸ್ಸನ್ನು ಗುರುವಾರ ರಾತ್ರಿಯೊಳಗೆ ಇಲ್ಲಿ ಬರೆಯಿರಿ. ಹಾಲು, ಕಡಲೆಕಾಯಿ ಅಥವಾ ಬೇರೆ ಯಾವುದೇ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ. ಪಲ್ಯಕ್ಕೆ ತರಕಾರಿ ಹೆಚ್ಚಲು ಇಬ್ಬರು ಬೇಕು, ಯಾರು ಬರುತ್ತೀರಿ?